ಉದ್ದ ಕಿವಿಯವನ ಹೆಸರು

ಬರುತ್ತೇನೆಂದು ಮಾತು ಕೊಟ್ಟು ಬಾರದವನನ್ನು ನಮ್ಮ ಫ್ರಾನ್ಸಿನಲ್ಲಿ ‘ಮೊಲ ಇಟ್ಟ’ ಎಂದು ಬೈಯುತ್ತಾರೆ. ಪ್ಯಾರಿಸಿನವರು ಧಾರಾಳವಾಗಿ ಬೈಯಬಹುದು. ದೇಶದ ಪಶ್ಚಿಮ ತುದಿಯ ನಮ್ಮ ಬ್ರೆಟನ್ ದಡದ ಮೀನುಗಾರರ ಮುಂದೆ ಮಾತ್ರ ಆ ಪ್ರಾಣಿಯ ಹೆಸರೆತ್ತುವಂತಿಲ್ಲ. ಹಿಂದೊಮ್ಮೆ ಊಟಕ್ಕೆಂದು ಹಡಗಿಗೇರಿಸಿದ ಮೊಲಗಳು, ನೀರು ನುಗ್ಗದಂತೆ ಹಲಗೆಗಳ ಸಂದಿಗೆ ತುರುಕಿದ್ದ ನಾರನ್ನೆಲ್ಲ ಕಡಿದದ್ದರಿಂದ ಹಡಗು ಜನರ ಸಮೇತ ಮುಳುಗಿತಂತೆ. ಅಂದಿನಿಂದ ಅದು ‘ಉದ್ದ ಕಿವಿಯವನು’. ತಮ್ಮವರು ನೀರಿನ ಮೇಲಿರುವಾಗ ಹೆಂಗಸರೂ ಅದರ ಹೆಸರು ಹೇಳುವುದಿಲ್ಲ.

ಆ ವರ್ಷ ಸಂತ ಅನ್ನಮ್ಮನವರ ಹಬ್ಬದ ಸಂಜೆ ಅಜೆನೋರ್ ಇಗರ್ಜಿಯ ಬಾಗಿಲಲ್ಲಿ ಕಾದು ನಿಂತಿದ್ದಳು. ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ನಮ್ಮ ಜೊತೆ ಬೂತಾಯಿಯ ತಲೆ ಕೀಳುತ್ತಿದ್ದ ಹುಡುಗಿ. ಅವಳು ಮೆಚ್ಚಿದ ಮೀನುಗಾರ ಗುಲ್ವೆನ್, ಹಬ್ಬದ ಹೊತ್ತಿಗೆ ದಡ ಸೇರುವುದು, ಇಬ್ಬರೂ ಪಾದ್ರಿಗಳನ್ನು ಕಂಡು ಮದುವೆ ಗೊತ್ತುಮಾಡುವುದು ಎಂದು ಮಾತಾಗಿತ್ತು. ದೋಣಿ ಬರಲಿಲ್ಲ. ಮರುದಿನವೂ ಇಲ್ಲ. ಆ ವಾರವೆಲ್ಲ ಸಮುದ್ರ ಕೆಟ್ಟಿತ್ತು.

ಮನಸ್ಸು ಮುದುಡಿದವರಿಗೆ ಜಿರಲೆ ಹಿಡಿದಿದೆ ಎನ್ನುವುದೂ ನಮ್ಮ ಕಡೆಯ ಮಾತೇ. ಕಾರ್ಖಾನೆಯಲ್ಲಿ ಪಕ್ಕದಲ್ಲಿ ಕೂರುತ್ತಿದ್ದ ಸ್ವಾಜಿಗ್ ಕೆಣಕಿದಳು: “ಎಷ್ಟು ದಿನ ಸಾಕ್ತೀಯೇ ಆ ಜಿರಲೇನ? ಉದ್ದ ಕಿವಿಯವನ್ನ ಇಟ್ಟು ಓಡಿಹೋದ ಅಂದ್ಕೊ ನಿನ್ ರಾಜಕುಮಾರ!”

“ಹಾಗೇ ಆಗ್ಲಿ ಅಂತ ಹರಕೆ ಹೊತ್ತಿದೀನಿ ಕಣೇ. ಮೋಸ ಮಾಡ್ದೋನು ಬದುಕಿರ್ತಾನಲ್ಲ.”

ಬೂತಾಯಿಯ ರಾಶಿಯ ಸುತ್ತ ನಗು ನಿಂತುಹೋಯಿತು.

ಸಂಜೆ ಅವಳು ಇಗರ್ಜಿಯಲ್ಲಿ ಮಾತೆಯ ಪ್ರತಿಮೆಯ ಮುಂದೆ ಮೊಣಕಾಲೂರಿ ಎದ್ದು ಬಂದಾಗ ಪಾದ್ರಿಗಳು ಬಾಗಿಲಲ್ಲಿದ್ದರು.

“ಸ್ವಾಮಿ, ಆ ಮಾತು ಎಲ್ಲಿಂದ ಬಂತು? ಉದ್ದ ಕಿವಿಯವನ್ನ ಇಡೋದು ಅಂತಾರಲ್ಲ?”

“ಯಾರಿಗ್ಗೊತ್ತು ಮಗಳೇ. ಒಬ್ಬೊಬ್ರು ಒಂದೊಂದು ಹೇಳ್ತಾರೆ. ಹಿಂದೆ ಕುದುರೆಗಾಡೀಲಿ ದುಡ್ಡು ಕೊಡದೆ, ಗಾಡಿಯೋನ ಪಕ್ಕ ಕೂತು ಹೋಗೋನ್ನ ಹಾಗೆ ಕರೀತಿದ್ರಂತೆ. ಕೊಡಬೇಕಾದ್ದು ಕೊಡದೇನೇ ಇಳಿದು ಹೋಗೋನು.”

“ಇಳಿದಿದ್ರೆ ಸಾಕು, ಸ್ವಾಮಿ,” ಎಂದಳು ಅಜೆನೋರ್. “ಎಲ್ಲಾದ್ರೂ ಇಳಿದಿದ್ರೆ ಸಾಕು.”

ಪಾದ್ರಿಗಳು ಅವಳ ತಲೆಯ ಮೇಲೆ ಕೈಯಿಟ್ಟರು.

ಎರಡು ತಿಂಗಳು ಕಳೆದು, ಸೇಬು ಕೀಳುವ ಕಾಲಕ್ಕೆ ದೋಣಿ ಬಂತು, ಹೊಸ ಹಾಯಿಕಂಬ ಹೊತ್ತು. ಊರೇ ದೋಣಿ ಕಟ್ಟುವ ದಕ್ಕೆಗೆ ಓಡಿತು. ಒಬ್ಬೊಬ್ಬರಾಗಿ ಎಲ್ಲರೂ ಇಳಿದರು, ಗುಲ್ವೆನ್ ಒಬ್ಬನನ್ನು ಬಿಟ್ಟು. ದೋಣಿಯ ಯಜಮಾನ ಮಾಲೊ ಟೋಪಿ ತೆಗೆದು ಅವಳ ಮುಂದೆ ನಿಂತ.

“ಬದುಕಿದಾನಮ್ಮ. ಗಾಳಿ ನಮ್ಮನ್ನ ಐರ್ಲೆಂಡಿಗೆ ನೂಕ್ತು. ರಿಪೇರಿ ಮುಗಿಯೋವರೆಗೂ ಅಲ್ಲೇ ಇದ್ವಿ. ಅವನು ಅಲ್ಲೇ ಉಳ್ಕೊಂಡ. ಅಲ್ಲೊಬ್ಬಳು ಹುಡುಗಿ...”

ಅಜೆನೋರ್ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ಆಮೇಲೆ ಅಷ್ಟೂ ದೋಣಿಗಳ ಮುಂದೆ ಕೂಗಿದಳು: “ಮೊಲ! ಮೊಲ ಇಟ್ಟ ನನಗೆ!”

ಗಂಡಸರು ಬೆಚ್ಚಿ, ಅಪಶಕುನ ಕಳೆಯಲೆಂದು ಕೈಗೆ ಸಿಕ್ಕ ಕಬ್ಬಿಣ ಮುಟ್ಟಿಕೊಂಡರು. ಒಬ್ಬ ಬೈಯಲು ಬಾಯಿ ತೆರೆದ.

“ಸುಮ್ನಿರೋ,” ಎಂದ ಮಾಲೊ. “ಅವನು ನೆಲದ ಮೇಲಿದಾನೆ. ಹೇಳ್ಕೊಳ್ಳಲಿ ಬಿಡು.”

ಅವಳು ನಗುತ್ತಿದ್ದಳು. ಕೆನ್ನೆ ತೊಯ್ದುಹೋಗಿತ್ತು. ಅವಳು ಕೇಳಿದ್ದನ್ನು ದೇವರು ಹಾಗೆಯೇ ಕೊಟ್ಟಿದ್ದ.

ಜನ ಚದುರಿದ ಮೇಲೆ ಮಾಲೊನ ತೋಳು ಹಿಡಿದು ಮೆಲ್ಲನೆ ಕೇಳಿದಳು: “ಅವನಿರೋ ಮನೆಯಿಂದ ಸಮುದ್ರ ಕಾಣ್ತದಾ, ಮಾವ?”

“ಕಾಣ್ತದೆ ತಾಯಿ.”

“ಯಾವ ಕಡೆಗೆ ಆ ಮನೆ?”

ಮಾಲೊ ಕೈಯೆತ್ತಿ ವಾಯವ್ಯಕ್ಕೆ ತೋರಿಸಿದ. ಅವಳು ಅತ್ತ ತಿರುಗಿ ನಿಂತಳು.