ಮುತ್ತುಗದ ಬಣ್ಣ

ಕಮಲಮ್ಮ ಕುಂಚವನ್ನು ನೀರಿಗೆ ಅದ್ದಿದ್ದೇ ತಡ, ಪಡಸಾಲೆಯ ಭಜನೆಯವರ ತಾಳ ತಪ್ಪಿತು. ಗಂಡ ಪರಮೇಶ್ವರಪ್ಪ ಬೆಳಗಿನ ಜಾವ ತೀರಿಕೊಂಡಿದ್ದರು. ವಿಭೂತಿ ಹಚ್ಚಿ ಗೋಡೆಗೆ ಆನಿಸಿ ಕೂರಿಸಿದ್ದ ಅವರ ಎದುರಿಗೇ ಹೆಂಡತಿ ಬಣ್ಣದ ಪೆಟ್ಟಿಗೆ ಬಿಚ್ಚಿಕೊಂಡು ಕೂತರೆ ಯಾರ ತಾಳ ತಾನೇ ತಪ್ಪುವುದಿಲ್ಲ?

"ಏನತ್ತಿಗೆ ಇದು? ಜನ ಏನಂತಾರೆ?" ಮೈದುನ ದಯಾನಂದ ಪಿಸುಗುಟ್ಟಿದ.

"ಅನ್ಲಿ ಬಿಡಪ್ಪ. ನಮ್ಮಲ್ಲಿ ಸೂತಕ ಇಲ್ಲ ಅಂತ ನಿಮ್ಮಣ್ಣನೇ ಊರಿಗೆಲ್ಲ ಹೇಳ್ತಿದ್ರು. ಎಷ್ಟೊತ್ತಿಗೆ ಎತ್ತದು?"

"ಮೂರು ಗಂಟೆಗೆ."

"ಅಷ್ಟರೊಳಗೆ ಮುಗಿಸ್ತೀನಿ."

ಬಾಗಿಲಲ್ಲಿ ನಿಂತಿದ್ದ ಬೃಂದಾಗೆ ನಾಚಿಕೆಯಾಯಿತು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವ ಅವಳು ದುರ್ಗದ ಕಾಡುಗಿಡಗಳ ಮೇಲೆ ಪುಸ್ತಕ ಬರೆದಿದ್ದಳು. ಅಲ್ಲೇ ಲ್ಯಾಬ್ ಅಟೆಂಡರ್ ಆಗಿದ್ದ ಪರಮೇಶ್ವರಪ್ಪ ಅದಕ್ಕೆ ನಲವತ್ತು ಚಿತ್ರ ಬರೆದುಕೊಡಲು ಒಪ್ಪಿಕೊಂಡಿದ್ದರು. ಅವರ ಹೆಸರು ಅಚ್ಚಾಗುವ ಮೊದಲ ಪುಸ್ತಕ. ಕೊನೆಯ ಚಿತ್ರ, ಮುತ್ತುಗದ ಹೂವು, ಪೆನ್ಸಿಲ್ ಗೆರೆಯಲ್ಲೇ ನಿಂತಿತ್ತು. ಸಂಜೆ ಐದಕ್ಕೆ ಪ್ರೆಸ್ಸಿಗೆ ಸೇರದಿದ್ದರೆ ಆ ಪುಟ ಖಾಲಿ. ಸತ್ತ ಮನೆಯಲ್ಲಿ ಅದನ್ನು ಕೇಳಲು ಅವಳಿಗೆ ಬಾಯಿ ಬಂದಿರಲಿಲ್ಲ. ಕಮಲಮ್ಮನೇ ಲೋಟದಲ್ಲಿಟ್ಟಿದ್ದ ಟೊಂಗೆ ತಂದು, "ಇನ್ನು ತಡ ಮಾಡಿದ್ರೆ ಹೂವು ಬಾಡ್ತತೆ ಮೇಡಂ" ಎಂದು ಕೂತುಬಿಟ್ಟಿದ್ದರು.

"ಅಮ್ಮಾ, ನಿಮಗೆ ಬಣ್ಣ ಹಾಕೋಕೆ ಬರುತ್ತಾ?"

ಕಮಲಮ್ಮ ದನಿ ತಗ್ಗಿಸಿದರು. "ಮೂವತ್ತು ವರ್ಷದಿಂದ ಹಾಕಿದ್ದು ನಾನೇ. ಅವರಿಗೆ ಕೆಂಪು, ಹಸಿರು ಎರಡೂ ಒಂದೇ ಥರ ಕಾಣ್ತಿದ್ವು."

*

ಮದುವೆಯಾದ ಹೊಸತು. ಜೋಗಿಮಟ್ಟಿ ಕಾಡಿನಿಂದ ಗಿಡ ತಂದು ಬರೆದ ಚಿತ್ರವನ್ನು ಪರಮೇಶ್ವರಪ್ಪ ಹೆಮ್ಮೆಯಿಂದ ತೋರಿಸಿದರು. ಎಲೆಗಳೆಲ್ಲ ಕೆಂಪಗಿದ್ದವು. ಹೊಟ್ಟೆ ಹಿಡಿದುಕೊಂಡು ನಕ್ಕ ಕಮಲಮ್ಮ, ಅವರ ಮುಖ ನೋಡಿ ಸುಮ್ಮನಾದರು.

"ಯಾರಿಗೂ ಹೇಳಬ್ಯಾಡ. ಗೊತ್ತಾದ್ರೆ ನನ್ನ ಕೈಲಿ ಯಾರೂ ಚಿತ್ರ ಬರೆಸಲ್ಲ."

ಅಂದಿನಿಂದ ಗೆರೆ ಅವರದು, ಬಣ್ಣ ಇವರದು. ಕಾಡಿಗೆ ಹೋದಾಗ ಗಂಡ ಒಂದೊಂದು ಗಿಡದ ಮುಂದೆಯೂ ನಿಂತು, "ಹೆಂಗೈತೆ, ಹೇಳು" ಅನ್ನುವರು. ನೆನೆದ ಹೆಸರುಕಾಳಿನ ಹಸಿರು, ಹುರಿದ ಮೆಣಸಿನಕಾಯಿಯ ಕೆಂಪು ಎಂದು ಕಮಲಮ್ಮ ಅಡುಗೆಮನೆಯ ಮಾತಲ್ಲಿ ಹೇಳುವರು. ಅವರು ಕಣ್ಣು ಮುಚ್ಚಿ ಕೇಳುವರು.

*

ಮೂರಾಯಿತು. ಒಂದು ಎಸಳು ಬಾಕಿ. ಕಮಲಮ್ಮನ ಕೈ ನಿಂತಿತ್ತು. ಇವತ್ತು ಹೆಂಗೈತೆ ಎಂದು ಕೇಳುವವರಿಲ್ಲ. ಒಂದೇ ಒಂದು ಸಲ ಕೇಳಿಬಿಡಲಿ ಎಂದು ಜೀವ ಹಂಬಲಿಸಿತು.

"ಎತ್ತಾಣೇನ್ರಿ?" ಅಂಗಳದಿಂದ ಯಾರೋ ಕೂಗಿದರು.

ದಯಾನಂದ ಅತ್ತಿಗೆಯ ಕೈ ನೋಡಿದ. ಭಜನೆಯವರ ಕಡೆ ತಿರುಗಿ, "ಇನ್ನೊಂದು ಪದ ಹಾಡ್ರಿ" ಎಂದ.

ಚಿತ್ರ ಮುಗಿಯಿತು. "ನಿಮ್ಮ ಹೆಸರೂ ಹಾಕಿಸ್ತೀನಿ ಅಮ್ಮಾ" ಎಂದಳು ಬೃಂದಾ.

"ಬ್ಯಾಡ್ರಿ. ಅವರ ಗುಟ್ಟು ಹೊರಬೀಳ್ತತೆ."

ಬೃಂದಾ ಪ್ರೆಸ್ಸಿಗೆ ಓಡಿದಳು. ಬಿದಿರಿನ ಚಟ್ಟಕ್ಕೆ ಹೂವು ಸುತ್ತಿ ಕಟ್ಟಿದ ವಿಮಾನದಲ್ಲಿ ಕೂತ ಪರಮೇಶ್ವರಪ್ಪ ಹೊರಟರು. ಬಿದಿರು ಹಿಡಿದು ಪಕ್ಕದಲ್ಲೇ ನಡೆದ ಕಮಲಮ್ಮನ ತುಟಿ ಅಲ್ಲಾಡುತ್ತಿತ್ತು. ಶಿವನಾಮ ಹೇಳುತ್ತಿದ್ದಾರೆ ಎಂದುಕೊಂಡರು ಜನ. ದಯಾನಂದನಿಗೆ ಮಾತ್ರ ಕೇಳಿಸಿತು.

"ಹೊಂಗೆ ಚಿಗುರೈತೆ ರೀ. ಎಳೇ ಹಸಿರು, ತುಪ್ಪ ಸವರಿದಂಗೆ..."

ಗುಂಡಿಯೊಳಗೆ ಅವರನ್ನು ಇಳಿಸಿ ಕೂರಿಸಿದರು. ಕಮಲಮ್ಮ ಅಂಚಿನಲ್ಲಿ ಮಂಡಿಯೂರಿ ಬಗ್ಗಿದರು.

"ಮೇಲಿನ ಮಣ್ಣು ಬೂದಿ ಬಣ್ಣ ರೀ. ಒಳಗೆ ಕೆಂಪೈತೆ. ಹೆಂಗೈತೆ ಅಂದ್ರೆ..."

ಹಿಡಿ ಮಣ್ಣು ಹಿಡಿದವರೆಲ್ಲ ಕೈ ತಡೆದು, ಅವರು ಹೇಳಿ ಮುಗಿಸಲೆಂದು ನಿಂತರು.