ಮಾರ್ಚ್ ಮೂವತ್ತೊಂದರ ಗೂಡು

ಹಂಡೆಯಲ್ಲಿ ಕುದಿಯುತ್ತಿದ್ದ ನೀರಿಗೆ ಜಹೀದಾ ಎಲಚಿ ಎಲೆಗಳನ್ನು ಹಿಡಿಹಿಡಿಯಾಗಿ ಹಾಕುತ್ತಿದ್ದಳು. ಅಪ್ಪನ ಮೈ ತೊಳೆಯಲು ಒಳಗೆ ಗಂಡಸರು ಕಾದಿದ್ದರು. ಗೂಡು ಬೇಯಿಸಿ ನೂಲು ತೆಗೆಯುತ್ತಿದ್ದ ರೀಲಿಂಗ್ ಷೆಡ್ಡಿನ, ನಾಲ್ಕು ವರ್ಷದಿಂದ ತಣ್ಣಗಿದ್ದ ಒಲೆಗೆ ಇವತ್ತು ಬೆಂಕಿ ಬಿದ್ದಿತ್ತು.

ಗೋಡೆಯಾಚೆ ಬೆಂಚಿನ ಮೇಲೆ ಕುಳಿತವರ ಮಾತು ಕೇಳಿಸುತ್ತಿತ್ತು.

"ರಾಮನಗರದಾಗೆ ಬ್ಯಾಲೆನ್ಸ್ ಶೀಟ್ ಓದೋ ರೀಲರ್ ಅಂದ್ರೆ ಖಾಸಿಂ ಸಾಬ್ರೊಬ್ರೇ ಕಣ್ಲಾ," ಎಂದ ರೇಷ್ಮೆಗೂಡಿನ ವ್ಯಾಪಾರದ ಮರಿಯಪ್ಪ. "ಚನ್ನಪಟ್ಣದ ಕಾಮರ್ಸ್ ಮೇಷ್ಟ್ರತ್ರ ಎಲ್ಡು ವರ್ಸ, ಭಾನ್ವಾರ ಭಾನ್ವಾರ ಬಸ್ ಹತ್ತಿ ಹೋಗಿ ಕಲ್ತ್ಕಂಡ್ರು. ನಲವತ್ತೈದು ದಾಟಿದ್ಮೇಲೆ!"

"ಕಲ್ತು ಊರನ್ನೇ ಮುಳುಗ್ಸಿದ್ರಲ್ಲಪ್ಪ," ಎಂದ ಪಕ್ಕದ ಷೆಡ್ಡಿನ ಅಸದುಲ್ಲಾ. "ಆ ಸಿಲ್ಕ್ ಕಂಪ್ನಿದು ಹತ್ತು ರೂಪಾಯಿ ಷೇರು ನಲವತ್ತು ಬಾಳ್ತೈತೆ ಅಂತ ಲೆಕ್ಕ ಹಾಕಿ ಹೇಳಿದ್ಯಾರು?"

"ಲೇ, ಹೆಣ ಮುಂದಿಕ್ಕಂಡು ಅದೇನ್ಲಾ ಮಾತು? ಅವ್ರ ದುಡ್ಡೂ ಹೋಯ್ತಲ್ಲ. ಒಂದು ಷೇರೂ ಮಾರ್ನಿಲ್ಲ. ಮೋಸ್ಗಾರ ಆಗಿದ್ರೆ ಮೊದ್ಲು ತಾನು ಮಾರ್ಕತಿದ್ದ."

"ಅದಕ್ಕೇ ಬಂದಿರೋದು ನಾನು. ಇಲ್ದಿದ್ರೆ ಈ ಬೀದಿ ತುಳೀತಿದ್ನಾ?"

ಜಹೀದಾಳ ಕೈ ನಿಂತಿತು. ಒಂದು ಷೇರೂ ಮಾರಲಿಲ್ಲ. ಹದಿನಾಲ್ಕು ವರ್ಷದಿಂದ ಈ ಮಾತು ಅವರ ಮನೆಯ ಮರ್ಯಾದೆ ಕಾಪಾಡಿತ್ತು.

ಚಿಕ್ಕಪ್ಪ ಮುನಾವರ್ ಕೊಡ ಹಿಡಿದು ಬಂದ. "ನೀರಾಯ್ತಾ ಬೇಟಿ?"

"ಚಾಚಾ, ವಿರೂಪಾಕ್ಷಿಪುರದ ಸರಸಮ್ಮ ಬಂದಿದಾಳಾ?"

"ಅವಳಪ್ಪ ರಾಮಲಿಂಗಯ್ಯನೇ ಹೋಗಿ ಎಷ್ಟು ವರ್ಷ ಆಯ್ತು. ಅವಳ್ಯಾಕೆ ಈಗ?"

"ಅಬ್ಬಾಗೆ ಮಾಫಿ ಬೇಕಾಗಿರೋದು ಅವಳಿಂದ."

"ಮಣ್ಣಿಗೆ ಎತ್ತೋ ಮುಂಚೆ ಎಲ್ಲರನ್ನೂ ಒಟ್ಟಿಗೇ ಕೇಳ್ತೀನಲ್ಲ, ಅಷ್ಟು ಸಾಕು," ಎಂದು ಮುನಾವರ್ ನೀರು ತುಂಬಿಕೊಂಡು ಹೋದ.

*

ಅದು ತೊಂಬತ್ತೈದರ ಆಗಸ್ಟ್. ಜಹೀದಾ ಆಗ ಪಿಯುಸಿ. ಕಂಪನಿಯ ಎರಡನೆಯ ವರ್ಷದ ವರದಿ ಅಂಚೆಯಲ್ಲಿ ಬಂದಿತ್ತು. ಇಂಗ್ಲಿಷು ಅವಳು ಓದಬೇಕು, ಅಂಕಿ ಅಪ್ಪ ಬರೆದುಕೊಳ್ಳಬೇಕು. ಹಿಂದಿನ ವರ್ಷದ ವರದಿಯಲ್ಲಿ ಲಾಭದ ಸಾಲೊಂದನ್ನೇ ನೋಡಿ ಅವರು ಕಟ್ಟಿದ ಬೆಲೆಯನ್ನೇ ನಂಬಿ, ಗೂಡು ಬೆಳೆದು ತರುತ್ತಿದ್ದ ರಾಮಲಿಂಗಯ್ಯ, ಮಗಳು ಸರಸಮ್ಮನ ಮದುವೆಗೆ ಇಟ್ಟಿದ್ದ ಅರವತ್ತು ಸಾವಿರವನ್ನು ಆ ಕಂಪನಿಯ ಹತ್ತು ರೂಪಾಯಿ ಷೇರಿಗೆ ಹಾಕಿದ್ದ. "ನನ್ ಗೂಡು ಮುಟ್ಟಿ ನೋಡಿ ನೀವು ಹೇಳಿದ ರೇಟು ಯಾವತ್ತೂ ತಪ್ಪಿಲ್ಲ ಸಾಬ್ರೇ," ಎಂದಿದ್ದ. "ಕಂಪ್ನಿ ರೇಟು ತಪ್ತದಾ?"

"ಮಾರ್ಚ್ ಮೂವತ್ತೊಂದಕ್ಕೆ ಉಳಿದ ದಾಸ್ತಾನು, ರೇಷ್ಮೆ ಗೂಡು, ಒಂದು ಕೋಟಿ," ಎಂದು ಜಹೀದಾ ಓದಿದಳು.

"ವರ್ಷದಲ್ಲಿ ಬಳಸಿದ ಗೂಡು?"

"ಮೂರು ಕೋಟಿ."

ಪೆನ್ಸಿಲು ನಿಂತಿತು. "ನಾಲ್ಕು ತಿಂಗಳ ಗೂಡು," ಎಂದರು ಖಾಸಿಂ ಸಾಬರು. ಎದ್ದು ಹಳೆಯ ವರದಿ ತಂದರು. ಅಲ್ಲಿಯೂ ಉಳಿದ ಗೂಡಿನದು ಅದೇ ಲೆಕ್ಕವಿತ್ತು.

"ನಮ್ಮ ಹಳದಿ ಗೂಡು ಹಬೆಯಲ್ಲಿ ಹುಳ ಸಾಯಿಸಿ ವಾರ ಇಟ್ಟರೆ ಒಳಗೇ ಕೊಳೆತು ನಾರುತ್ತೆ. ನಾಲ್ಕು ತಿಂಗಳು ಯಾರು ಇಡ್ತಾರೆ? ಆ ಗೂಡು ಇಲ್ಲ ಬೇಟಿ. ಇಲ್ಲದ್ದನ್ನ ಇದೆ ಅಂತ ಬರೆದು ಲಾಭ ತೋರಿಸಿದಾರೆ."

"ಷೇರು ಇವತ್ತೂ ಇಪ್ಪತ್ತೆರಡಕ್ಕೆ ಹೋಗ್ತಿದೆ ಅಬ್ಬಾ. ರಾಮಲಿಂಗಯ್ಯನವರಿಗೆ ಹೇಳಿ, ಮಾರ್ಕೊಳ್ಳಲಿ."

ಅವರು ಎರಡೂ ವರದಿ ಮುಚ್ಚಿಟ್ಟರು. "ಮೂವತ್ತು ವರ್ಷ ಗೂಡು ಬೇಯಿಸಿದೋನಿಗೆ ಇಷ್ಟೂ ಕಾಣಲಿಲ್ವಾ ಅಂತಾರೆ," ಎಂದರು. ಆಮೇಲೆ, "ಯಾರಿಗೂ ಹೇಳಬೇಡ. ನಾನೂ ಮಾರಲ್ಲ," ಎಂದರು, ಅದೇ ನ್ಯಾಯ ಎಂಬಂತೆ.

ದೀಪಾವಳಿಗೆ ಹತ್ತು ದಿನವಿರುವಾಗ ಕಂಪನಿಗೆ ಬೀಗ ಬಿತ್ತು.

*

ಸರಸಮ್ಮ ಬಂದಾಗ ಹನ್ನೆರಡು ದಾಟಿತ್ತು. ಕೂಲಿಗೆ ನೂಲು ತೆಗೆಯುವ ಷೆಡ್ಡಿನಿಂದ ನೇರ ಬಂದಿದ್ದಳು. ಬಿಸಿನೀರಿನಲ್ಲಿ ನೆನೆದ ಬೆರಳುಗಳು ಬೆಳ್ಳಗೆ ಸುಲಿದಿದ್ದವು. ಒಳಗೆ ಹೆಂಗಸರ ಗುಂಪಿಗೆ ಬರಲು ಸಂಕೋಚಪಟ್ಟು ಗೇಟಿನ ಬಳಿಯೇ ನಿಂತಳು. ಜಹೀದಾ ಅಲ್ಲಿಗೇ ಹೋದಳು.

"ಅಳ್ಬ್ಯಾಡ ಬುಡು ಜಹೀದಾ. ನಮ್ಮಪ್ಪ ಸಾಯೋವಾಗ್ಲೂ ಸಾಬ್ರನ್ನ ಬಯ್ನಿಲ್ಲ. ಅವ್ರಿಗೂ ಗೊತ್ತಾಗ್ನಿಲ್ಲ ಕಣವ್ವ, ಅವ್ರೂ ಕಳ್ಕಂಡ್ರು ಅಂತಿದ್ದ."

ಅಪ್ಪನನ್ನು ಮಲಗಿಸಿದ ಜನಾಜಾ ಅಂಗಳಕ್ಕೆ ಬಂತು. ಮುನಾವರ್ ಕೈ ಜೋಡಿಸಿದ. "ನಮ್ಮಣ್ಣ ಯಾರಿಗಾದ್ರೂ ಕೊಡೋದಿದ್ರೆ ನನ್ನ ಕೇಳಿ. ಮಾತಲ್ಲೋ ನಡತೇಲೋ ತಪ್ಪಿದ್ರೆ, ಮಾಫ್ ಮಾಡಿ."

"ಮಾಫ್, ಮಾಫ್," ಎಂದರು ಜನ. ಅಸದುಲ್ಲಾನೂ ಎಂದ.

"ನಂದೂ ಮಾಫೇ ಕಣಣ್ಣ," ಎಂದಳು ಸರಸಮ್ಮ.

ಮುನಾವರ್ ಜಹೀದಾಳ ಕಡೆ ನೋಡಿದ. ಆಯಿತಲ್ಲ, ಎಂದಿತು ಅವನ ಕಣ್ಣು. ಸುಮ್ಮನಿದ್ದರೆ ಎಲ್ಲವೂ ಮುಗಿಯುತ್ತಿತ್ತು.

ಜಹೀದಾ ಸರಸಮ್ಮನ ಕೈ ಹಿಡಿದುಕೊಂಡಳು. "ಸರಸಕ್ಕ, ನೀನು ಮಾಫ್ ಮಾಡಿದ್ದು ಗೊತ್ತಾಗದೆ ಆದ ತಪ್ಪಿಗೆ. ಅಬ್ಬಾಗೆ ಗೊತ್ತಾಗಿತ್ತು. ಕಂಪನಿಯ ಆ ಸುಳ್ಳು ಲೆಕ್ಕದ ಕಾಗದ ಓದಿ ಹೇಳಿದ್ದು ನಾನೇ."

"ಯಾವಾಗ?"

"ಬೀಗ ಬೀಳೋಕೆ ಎರಡು ತಿಂಗಳು ಮೊದಲು. ಆಗ ಮಾರಿದ್ದರೆ ಹಾಕಿದ್ದರ ಎರಡರಷ್ಟು ಬರ್ತಿತ್ತು."

ಸರಸಮ್ಮ ನೆನಪು ಮಾಡಿಕೊಳ್ಳುವವಳಂತೆ ನೆಲ ನೋಡಿದಳು. "ಆಗ್ಲೇ ಅಲ್ವಾ ನಾವು ಬಂದಿದ್ದು? ಕಲ್ಯ ಊರಿನ ಗಂಡಿನ ಕಡೇರು ಅವಸರ ಮಾಡ್ತಾವ್ರೆ, ಮಾರ್ಬುಡ್ಲಾ ಸಾಬ್ರೇ ಅಂತ ನಮ್ಮಪ್ಪ ಕೇಳ್ದ. ದೀಪಾವಳಿ ಕಳೀಲಿ ಅಂದ್ರು. ನಾನೂ ಜತೇಲಿದ್ದೆ."

"ನಾನು ಪರದೆ ಹಿಂದಿದ್ದೆ."

ಸರಸಮ್ಮ ಮೆಲ್ಲಗೆ ಕೈ ಬಿಡಿಸಿಕೊಂಡಳು.

ಜನಾಜಾ ಹೆಗಲಿಗೇರಿತು. ಕಲ್ಮಾ ಹೇಳುತ್ತ ಗಂಡಸರು ಗೇಟಿನತ್ತ ಬಂದರು. ಗೇಟಿನ ಎರಡು ಕಂಬಗಳ ನಡುವೆ ಸರಸಮ್ಮ ದಾರಿಗಡ್ಡವಾಗಿ ನಿಂತಿದ್ದಳು.

"ಒಸಿ ಸರ್ಕಳವ್ವ," ಎಂದ ಮರಿಯಪ್ಪ. ಅವಳು ಕದಲಲಿಲ್ಲ. ಅಳಲೂ ಇಲ್ಲ. ಮುನಾವರ್ ಜಹೀದಾಳ ಮುಖ ನೋಡಿದ. ಅವಳೂ ಸರಸಮ್ಮನಿಗೆ ಪಕ್ಕಕ್ಕೆ ಸರಿ ಎನ್ನಲಿಲ್ಲ.

ಮುಂದಿನವರ ಕಲ್ಮಾ ನಿಂತಿತು. ಏನಾಯಿತೆಂದು ತಿಳಿಯದ ಹಿಂದಿನವರು ಇನ್ನಷ್ಟು ಹೊತ್ತು ಹೇಳಿ, ಒಬ್ಬೊಬ್ಬರಾಗಿ ಸುಮ್ಮನಾದರು. ಭಾರ ತಡೆಯಲು ಅಸದುಲ್ಲಾ ಎರಡೂ ಕೈ ಕೊಟ್ಟ. ಬಿಸಿಲಿನಲ್ಲಿ ಜನಾಜಾದ ಮೇಲಿನ ಹೂವಿನ ಚಾದರ ಒಂದು ಬದಿಗೆ ಜಾರತೊಡಗಿತು. ಅದನ್ನು ಎಳೆದು ಸರಿಮಾಡಲು ಯಾರ ಕೈಯೂ ಬಿಡುವಾಗಿರಲಿಲ್ಲ.