ಮಧ್ಯಾಹ್ನಕ್ಕೆ ಮಾತ್ರ ಸಿಟ್ಟಾಗುವ ಹೆಂಡತಿ

ಫ್ರಿಜ್ ಕಂಪನಿಯ ದೂರು ವಿಭಾಗದಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಥರ್ಮಾಮೀಟರ್ ಎಂದು. ಆ ಕಡೆಯಿಂದ ಗ್ರಾಹಕರು 'ಹಲೋ' ಎಂದರೆ ಸಾಕು, ಸಿಟ್ಟು ಎಷ್ಟು ಏರಿದೆ, ಇನ್ನೆಷ್ಟು ಏರಲಿದೆ ಎಂದು ಹೇಳಿಬಿಡುತ್ತಿದ್ದ. ಮದ್ದೂ ಅವನ ಬಳಿಯೇ ಇತ್ತು: ಅವರು ಬಾಯಿ ಬಿಡುವ ಮೊದಲೇ ತಪ್ಪೊಪ್ಪಿಕೊಂಡುಬಿಡುವುದು. ಒಪ್ಪಿಕೊಳ್ಳುತ್ತಿದ್ದ ತಪ್ಪು ಕಂಪನಿಯದಾದ್ದರಿಂದ ಅವನಿಗೇನೂ ಖರ್ಚಿರಲಿಲ್ಲ.

ಹೆಂಡತಿ ಕೆಲವು ದಿನಗಳ ಮಟ್ಟಿಗೆ ತನ್ನ ಅಕ್ಕನ ಮನೆಗೆ ಹೊರಟಳು. ಹೊರಡುವ ಮುಂಚೆ ಅವನಿಗೆ ಹೊಸ ವೈರ್‌ಲೆಸ್ ಇಯರ್‌ಬಡ್ಸ್ ತಂದುಕೊಟ್ಟು, "ಇನ್ಮೇಲೆ ಕೇಳಿಸ್ಲಿಲ್ಲ ಅನ್ನೋ ನೆಪ ನಡೆಯಲ್ಲ" ಎಂದಳು. ಅಲ್ಲಿಂದ ದಿನಕ್ಕೆ ಮೂರು ಹೊತ್ತು ದನಿಯ ಸಂದೇಶ ಕಳಿಸತೊಡಗಿದಳು. ಬೆಳಗಿನದನ್ನು ಅವನು ಅಡುಗೆಮನೆಯಲ್ಲಿ ನಿಂತು, ಇಯರ್‌ಬಡ್ಸನ್ನು ಫೋನಿಗೆ ಜೋಡಿಸಿಕೊಂಡು ಕೇಳಿದ. "ಎದ್ರಾ? ಬ್ರೆಡ್ಡು ಮೇಲಿನ ಡಬ್ಬೀಲಿದೆ." ಬೆನ್ನ ಹಿಂದೆಯೇ ನಿಂತು ಹೇಳಿದಷ್ಟು ಮೆತ್ತಗಿತ್ತು ದನಿ.

ಮಧ್ಯಾಹ್ನದ್ದನ್ನು ಕೇಳಿದ್ದು ಕಚೇರಿಯಲ್ಲಿ. ಅಲ್ಲಿ ಫೋನುಗಳನ್ನೆಲ್ಲ ಲಾಕರಿನಲ್ಲಿಡಬೇಕು, ಹಾಗಾಗಿ ಇಯರ್‌ಬಡ್ಸನ್ನು ಕಂಪ್ಯೂಟರಿಗೆ ಜೋಡಿಸಿಕೊಂಡಿದ್ದ. "ಊಟ ಆಯ್ತಾ? ಅಕ್ಕನ ಜೊತೆ ಕೂತಿದೀನಿ. ಮನೇಲಿ ಎಲ್ಲ ಸರಿಯಾಗಿದೆ ತಾನೆ?"

ದನಿ ಒಣಗಿ, ಸಣ್ಣಗಾಗಿ, ತಗಡಿನ ಡಬ್ಬದೊಳಗಿಂದ ಬಂದಂತಿತ್ತು. 'ತಾನೆ' ಎಂಬಲ್ಲಂತೂ ಚಾಕು ಮಸೆದ ಹಾಗೆ. ರಾತ್ರಿ ಮನೆಯಲ್ಲಿ ಫೋನಿನಿಂದ ಕೇಳಿದರೆ ಮತ್ತೆ ಅದೇ ಮೆತ್ತನೆಯ ಹೆಂಡತಿ. ಮಾರನೆಯ ಮಧ್ಯಾಹ್ನ ಮತ್ತೆ ಚಾಕು.

ಕೂತು ಲೆಕ್ಕ ಹಾಕಿದ. ಮಧ್ಯಾಹ್ನ ಅವಳು ಕೂರುವುದು ಅಕ್ಕನ ಜೊತೆ. ಆ ಅಕ್ಕನಿಗೂ ಅವನಿಗೂ ಮದುವೆಯ ದಿನದಿಂದಲೇ ಅಷ್ಟಕ್ಕಷ್ಟೆ. ಅಂದಮೇಲೆ ಆಕೆ ತಂಗಿಯ ಕಿವಿ ಊದುತ್ತಿದ್ದಾಳೆ, ಅನುಮಾನವೇ ಬೇಡ. ಭಾನುವಾರ ಹೆಂಡತಿ ವಾಪಸು ಬರುತ್ತಾಳೋ ಇಲ್ಲವೋ ಎಂದು ಅವನಿಗೆ ನಿಜಕ್ಕೂ ಹೆದರಿಕೆಯಾಯಿತು. ಹೆದರಿದವನು ತನಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಹೊರತೆಗೆದ.

"ಬಾಲ್ಕನಿ ಗಿಡಕ್ಕೆ ನೀರು ಹಾಕೋದು ಮರೆತುಹೋಯ್ತು. ಒಣಗಿದೆ. ತಪ್ಪು ನಂದೇ" ಎಂದು ಕಂಪ್ಯೂಟರಿನಿಂದಲೇ ದನಿ ಕಳಿಸಿದ.

"ಹೋಗ್ಲಿ ಬಿಡಿ" ಎಂದು ಉತ್ತರ ಬಂತು.

'ಹೋಗ್ಲಿ ಬಿಡಿ' ಎಂದ ಗ್ರಾಹಕರು ಮಾರನೆಯ ದಿನ ವಕೀಲರನ್ನು ಕರೆದುಕೊಂಡು ಬಂದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಇಷ್ಟು ತಣ್ಣಗೆ ಹೇಳಬೇಕಾದರೆ ದೊಡ್ಡದೇ ಏನೋ ಗೊತ್ತಾಗಿದೆ. ಕಣ್ಣು ಮುಚ್ಚಿಕೊಂಡು ಹೇಳಿಬಿಟ್ಟ.

"ನೀನು ಹೆಣೆದುಕೊಟ್ಟ ನೀಲಿ ಸ್ವೆಟರ್ ಬಸ್ಸಲ್ಲಿ ಕಳುವಾಗಿಲ್ಲ ಕಣೇ. ನಾನೇ ಕಚೇರಿಯ ಕಾವಲುಗಾರನಿಗೆ ಕೊಟ್ಟೆ."

ಅವನ ಮುಖ ಸುಣ್ಣದಂತಾದದ್ದನ್ನು ಪಕ್ಕದ ಮೇಜಿನಾಕೆ ಗಮನಿಸಿದಳು. ಪರರ ಸಂಸಾರದಲ್ಲಿ ಆಕೆಗೆ ತುಸು ಹೆಚ್ಚೇ ಆಸಕ್ತಿ. ಕೇಳಿ ಕೇಳಿ ಎಲ್ಲವನ್ನೂ ಹೊರಡಿಸಿ, ಅವನ ಒಂದು ಇಯರ್‌ಬಡ್ ತನ್ನ ಕಿವಿಗಿಟ್ಟುಕೊಂಡು 'ಹೋಗ್ಲಿ ಬಿಡಿ'ಯನ್ನೂ ಕೇಳಿದಳು.

"ಸರ್, ಇದು ನಿಮ್ಮ ಮನೆಯವರ ಸಿಟ್ಟಲ್ಲ. ಇಲ್ಲಿ ಕರೆ ತಗೊಳೋ ಪ್ರೋಗ್ರಾಂ ಇಡೀ ದಿನ ತೆರೆದಿರುತ್ತಲ್ಲ, ಅದು ಇಯರ್‌ಬಡ್ಸಿನ ಮೈಕ್ ಹಿಡ್ಕೊಂಡು ಕೂತಿರುತ್ತೆ. ಒಂದೇ ದಾರೀಲಿ ನಿಮ್ಮ ದನಿ ಹೋಗ್ಬೇಕು, ಅವರ ದನಿ ಬರಬೇಕು. ಜಾಗ ಸಾಲದೆ ಮೇಲಿಂದಷ್ಟು ಕೆಳಗಿಂದಷ್ಟು ಕತ್ತರಿಸಿ ಕಳಿಸುತ್ತೆ. ಮನೇಲಿ ಸಂದೇಶ ಕೇಳೋವಾಗ ಮೈಕಿನ ಕೆಲಸ ಇಲ್ಲ, ಅದಕ್ಕೇ ದನಿ ತುಂಬಿ ಬರುತ್ತೆ. ಈ ಕಂಪ್ಯೂಟರಲ್ಲಿ ಲಾಲಿ ಹಾಡಿದ್ರೂ ಜಗಳದ ಹಾಗೇ ಕೇಳಿಸುತ್ತೆ."

ಹಾಗಾದರೆ ಅವಳಿಗೆ ಸಿಟ್ಟೇ ಇರಲಿಲ್ಲ. ಇಲ್ಲದ ಸಿಟ್ಟಿಗೆ ಅವನೇ ಕೈಯಾರೆ ಕಾರಣ ಒದಗಿಸಿದ್ದ. ಅಷ್ಟರಲ್ಲಿ ಸಂದೇಶ ಬಂತು, ಉದ್ದದ್ದು.

"ಕಂಪ್ಯೂಟರಲ್ಲೇ ಕೇಳಿಬಿಡಿ ಸರ್, ಅರ್ಧ ಬೈಗುಳ ಅಲ್ಲೇ ಕತ್ತರಿಸಿಹೋಗುತ್ತೆ" ಎಂದಳು ಆಕೆ.

ಅವನು ಒಂದು ಗಳಿಗೆ ಯೋಚಿಸಿದ್ದು ನಿಜ. ಆದರೆ ಎದ್ದು ಲಾಕರಿನಿಂದ ಫೋನು ತೆಗೆದುಕೊಂಡು ಮೆಟ್ಟಿಲ ಮೇಲೆ ಹೋಗಿ ಕೂತ. ಪೂರ್ತಿ ದನಿ ಬಂತು, ಉಸಿರೂ ಸೇರಿ.

"ಇಷ್ಟು ವರ್ಷ ಬಸ್ಸಲ್ಲಿ ನೀಲಿ ಸ್ವೆಟರ್ ಹಾಕಿದವರನ್ನೆಲ್ಲ ಕಳ್ಳರು ಅಂತ ದುರುಗುಟ್ಟಿ ನೋಡಿದೀನಿ ನಾನು. ಒಬ್ಬ ಪಾಪದವನು ಹೆದರಿ ಮುಂದಿನ ಸ್ಟಾಪಲ್ಲೇ ಇಳಿದುಹೋದ. ಇಲ್ಲಿ ಮಧ್ಯಾಹ್ನ ಮಧ್ಯಾಹ್ನ ಅಕ್ಕನ ಜೊತೆ ಕೂತು ಏನು ಮಾಡ್ತಿದೀನಿ ಗೊತ್ತಾ? ಅದೇ ಬಣ್ಣ, ಅದೇ ಉಣ್ಣೆ ಹುಡುಕಿ ನಿಮಗೆ ಇನ್ನೊಂದು ಹೆಣೀತಿದೀನಿ. ತೋಳೆರಡೂ ಮುಗಿದಿವೆ. ಅದನ್ನ ಯಾಕೆ ಕೊಟ್ರಿ, ಅಷ್ಟು ಹೇಳಿ."

ಅವನಿಗೆ ತನ್ನ ಮೇಲೇ ನಾಚಿಕೆಯಾಯಿತು, ಅಳುವೂ ಬಂತು. 'ತಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ' ಎಂಬ ಮಾತು ಅಭ್ಯಾಸಬಲದಿಂದ ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡ.

"ಚುಚ್ಚುತ್ತೆ ಕಣೇ" ಎಂದ.

ಉತ್ತರ ಬರುವ ಹೊತ್ತಿಗೆ ಅವನು ಉಗುರನ್ನೆಲ್ಲ ಕಚ್ಚಿ ಮುಗಿಸಿದ್ದ.

"ಒಳಗೊಂದು ತುಂಬುತೋಳಿನ ಅಂಗಿ ಹಾಕ್ಕೊಂಡ್ರೆ ಚುಚ್ಚಲ್ಲ. ಭಾನುವಾರ ಸ್ಟೇಷನ್ನಿಗೆ ಬನ್ನಿ, ಬ್ಯಾಗು ಭಾರ ಇದೆ. ಸಿಟ್ಟೂ ಇದೆ, ಅದನ್ನ ನಾನೇ ಹೊತ್ಕೊಂಡು ಬರ್ತೀನಿ."